ಒಂದು ಓಟಿನಲ್ಲಿ ಇಡೀ ಮನುಷ್ಯ ಸಿಗುವುದಿಲ್ಲ

ಎಲ್ಲರಿಗೂ ನಮಸ್ಕಾರ.

ದೊಡ್ಡ ಚುನಾವಣೆಯ ಫಲಿತಾಂಶ ಬಂದ ಮಾರನೇ ದಿನ ಸೋತ ಕಡೆಯವರ ಬಾಯಲ್ಲಿ ಒಂದೇ ಮಾತು. "ಈ ಜನ ಅದು ಹೇಗೆ ಅವರಿಗೆ ಓಟು ಹಾಕಿದರು?" ಕಿವಿಗೆ ಇದು ಪ್ರಶ್ನೆಯ ಹಾಗೇ ಬೀಳುತ್ತದೆ. ಆದರೆ ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ, ಯಾಕೆಂದರೆ ಉತ್ತರ ಅವರ ಹತ್ತಿರ ಆಗಲೇ ಸಿದ್ಧವಾಗಿರುತ್ತದೆ: ಆ ಜನ ದಡ್ಡರು, ಇಲ್ಲ ಸ್ವಾರ್ಥಿಗಳು, ಇಲ್ಲ ಯಾರೋ ಅವರ ತಲೆ ಕೆಡಿಸಿದ್ದಾರೆ, ಇಲ್ಲ ಒಳಗೆ ದ್ವೇಷ ತುಂಬಿಕೊಂಡಿದ್ದಾರೆ. ಮುಂದಿನ ಸಲ ಸೋಲು ಗೆಲುವು ಅದಲು ಬದಲಾದರೆ ಅದೇ ಮಾತು ಆ ಕಡೆಯಿಂದ ಈ ಕಡೆಗೆ ಬರುತ್ತದೆ.

ಇವತ್ತು ಆ ಪ್ರಶ್ನೆಯನ್ನು ಉತ್ತರ ಬೇಕು ಅಂತಲೇ ಕೇಳೋಣ. ಉದಾಹರಣೆಗಳನ್ನು ಹೆಚ್ಚಾಗಿ ಅಮೆರಿಕ, ಬ್ರಿಟನ್, ಐರ್ಲೆಂಡ್‌ಗಳಿಂದ ತೆಗೆದುಕೊಳ್ಳುತ್ತೇನೆ. ಈ ವಿಷಯವನ್ನು ಅಳೆದು ನೋಡುವ ಕೆಲಸ ಅಲ್ಲಿ ಜಾಸ್ತಿ ನಡೆದಿದೆ. ಇನ್ನೊಂದು ಕಾರಣವೂ ಇದೆ. ಆ ಪಕ್ಷಗಳ ಮೇಲೆ ನಮ್ಮಲ್ಲಿ ಹೆಚ್ಚಿನವರಿಗೆ ಅಭಿಮಾನವೂ ಇಲ್ಲ, ಕೋಪವೂ ಇಲ್ಲ, ಹಾಗಾಗಿ ತಣ್ಣಗೆ ನೋಡಬಹುದು.

ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಓಟಿನಲ್ಲಿ ಮಾಹಿತಿ ತುಂಬಾ ಕಡಿಮೆ ಇರುತ್ತದೆ. ನಾವು ಅದರಿಂದ ತುಂಬಾ ಜಾಸ್ತಿ ಓದಿಕೊಳ್ಳುತ್ತೇವೆ.

ಯೋಚನೆ ಮಾಡಿ. ಒಬ್ಬ ಮನುಷ್ಯ ಮತಗಟ್ಟೆಗೆ ಹೋಗುವಾಗ ಅವನ ತಲೆಯಲ್ಲಿ ಎಷ್ಟು ಇರುತ್ತದೆ? ಕೆಲಸದ ಚಿಂತೆ, ಮಕ್ಕಳ ಶಾಲೆ, ತೆರಿಗೆ, ಅಪ್ಪ ಅಮ್ಮ ಯಾವ ಪಕ್ಷದವರಾಗಿದ್ದರು ಅನ್ನುವುದು, ಧರ್ಮ, ಹಿಂದಿನ ಪ್ರತಿನಿಧಿ ಮುಖ ಕೊಟ್ಟು ಮಾತಾಡಲಿಲ್ಲ ಅನ್ನುವ ಸಿಟ್ಟು, ಯಾರೋ ಗೆದ್ದುಬಿಡುತ್ತಾರೆ ಅನ್ನುವ ಭಯ, ಏನೂ ಇಲ್ಲದಿದ್ದರೆ ಬರೀ ಅಭ್ಯಾಸ. ಇಷ್ಟೆಲ್ಲ ಹೊತ್ತುಕೊಂಡು ಹೋಗಿ ಅವನು ಹಾಕಿ ಬರುವುದು ಒಂದೇ ಒಂದು ಗುರುತು. ಯಾವ ಕಾರಣ ಎಷ್ಟು ತೂಗಿತು ಎಂದು ಬರೆಯುವ ಜಾಗ ಮತಪತ್ರದಲ್ಲಿ ಇಲ್ಲ. ಒಲ್ಲದ ಮನಸ್ಸಿನಿಂದ ಹಾಕಿದ ಓಟಿಗೂ ಜೈಕಾರ ಹಾಕುತ್ತಾ ಹಾಕಿದ ಓಟಿಗೂ ಲೆಕ್ಕದಲ್ಲಿ ಒಂದೇ ಬೆಲೆ. ಇರಬೇಕಾದದ್ದೇ ಹಾಗೆ, ಅದು ಪ್ರಜಾಪ್ರಭುತ್ವದ ಬಲ. ಆದರೆ ಎಣಿಕೆ ಮುಗಿದ ಮೇಲೆ ನಾವು ಆ ಒಂದು ಗುರುತನ್ನು ಹಿಡಿದುಕೊಂಡು ಹಾಕಿದವನ ಬುದ್ಧಿ, ಗುಣ, ಮನೆತನ ಎಲ್ಲವನ್ನೂ ತೀರ್ಮಾನ ಮಾಡಿಬಿಡುತ್ತೇವೆ.

ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬೇಡವೋ ಎಂದು 2016ರ ಜೂನ್ 23ರಂದು ಜನಮತಗಣನೆ ನಡೆಯಿತು. ಒಂದೇ ಪ್ರಶ್ನೆ, ಎರಡೇ ಉತ್ತರ. ಹೊರಗೆ ಹೋಗೋಣ ಎಂದವರು ಶೇ 51.9, ಇರೋಣ ಎಂದವರು ಶೇ 48.1. ಅಂದರೆ ಹೊರಗೆ ಹೋಗೋಣ ಎಂದ ಜನ ಸುಮಾರು 1.74 ಕೋಟಿ. ಆ ಅಷ್ಟೂ ಜನರ ಬಗ್ಗೆ ಆಮೇಲೆ ಒಂದೇ ವಾಕ್ಯದ ವಿವರಣೆಗಳು ಬಂದವು: ಇವರಿಗೆ ವಲಸಿಗರನ್ನು ಕಂಡರೆ ಆಗದು, ಅಷ್ಟೇ. ಮತದಾನದ ದಿನವೇ, ಅಭಿಪ್ರಾಯ ಸಮೀಕ್ಷೆ ನಡೆಸುವ ಬ್ರಿಟಿಷ್ ರಾಜಕಾರಣಿ ಮೈಕೆಲ್ ಆಶ್‌ಕ್ರಾಫ್ಟ್ ಅವರ ಸಮೀಕ್ಷೆ 12,000ಕ್ಕೂ ಹೆಚ್ಚು ಮತದಾರರನ್ನು ಕೇಳಿತ್ತು. ಹೊರಗೆ ಹೋಗೋಣ ಎಂದವರಲ್ಲಿ ಸುಮಾರು ಅರ್ಧದಷ್ಟು ಜನ ಕೊಟ್ಟ ಮುಖ್ಯ ಕಾರಣ, ನಮ್ಮ ದೇಶದ ತೀರ್ಮಾನಗಳು ನಮ್ಮ ದೇಶದಲ್ಲೇ ಆಗಬೇಕು ಅನ್ನುವುದು. ವಲಸೆ ಮತ್ತು ಗಡಿಯ ಮೇಲಿನ ಹಿಡಿತ ಮುಖ್ಯ ಎಂದವರು ಮೂರರಲ್ಲಿ ಒಬ್ಬರು. ಮೂರರಲ್ಲಿ ಒಬ್ಬರು ಕಡಿಮೆಯೇನಲ್ಲ, ಆ ವಿವರಣೆ ಪೂರಾ ಸುಳ್ಳು ಅಂತಲೂ ನಾನು ಹೇಳುತ್ತಿಲ್ಲ. ಆದರೆ ಉಳಿದ ಎರಡು ಪಾಲು ಜನರನ್ನು ಅದು ಬಿಟ್ಟೇಬಿಟ್ಟಿತು.

ಅದೇ ವರ್ಷ ಅಮೆರಿಕ. ಅಲ್ಲಿನ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಗಳಂಥವುಗಳಲ್ಲಿ, 206 ಎಂಥವೆಂದರೆ, 2008ರಲ್ಲಿ ಒಬಾಮ, 2012ರಲ್ಲಿ ಮತ್ತೆ ಒಬಾಮ, 2016ರಲ್ಲಿ ಟ್ರಂಪ್. ಅಯೋವ ರಾಜ್ಯದ ಹೊವಾರ್ಡ್ ಕೌಂಟಿಯಲ್ಲಿ 2012ರಲ್ಲಿ ಒಬಾಮ 20ಕ್ಕೂ ಹೆಚ್ಚು ಶೇಕಡಾ ಅಂಕಗಳಿಂದ ಗೆದ್ದಿದ್ದರು, ನಾಲ್ಕೇ ವರ್ಷದಲ್ಲಿ ಟ್ರಂಪ್ ಹೆಚ್ಚುಕಡಿಮೆ ಅಷ್ಟೇ ಅಂತರದಿಂದ ಗೆದ್ದರು. ಕೌಂಟಿಯ ಲೆಕ್ಕ ಬೇರೆ, ಒಬ್ಬೊಬ್ಬ ಮನುಷ್ಯನ ಲೆಕ್ಕ ಬೇರೆ, ಅದು ಸರಿ. ಓಟು ಹಾಕಲು ಬಂದವರೇ ಬೇರೆಯವರಿರಬಹುದು. ಆದರೆ ಒಬಾಮರಿಂದ ಟ್ರಂಪ್ ಕಡೆಗೆ ಹೋದವರು ಲಕ್ಷಗಟ್ಟಲೆ ಇದ್ದರು ಎಂದು ಮತದಾರರ ಸಮೀಕ್ಷೆಗಳೂ ತೋರಿಸಿವೆ. ಇವರನ್ನು ಯಾವ ಹಣೆಪಟ್ಟಿಯ ಕೆಳಗೆ ಹಾಕುತ್ತೀರಿ? ಜನಾಂಗದ್ವೇಷ ಒಂದೇ ಕಾರಣ ಎನ್ನುವವರು ಇವರು ಕಪ್ಪು ಅಧ್ಯಕ್ಷನನ್ನು ಬೆಂಬಲಿಸಿದ್ದಕ್ಕೆ ಉತ್ತರ ಹೇಳಬೇಕು. ಬರೀ ಆರ್ಥಿಕ ಸಂಕಟ ಎನ್ನುವವರು ಅಷ್ಟೇ ಸಂಕಟದಲ್ಲಿದ್ದ ಕಪ್ಪು ಜನ ಯಾಕೆ ಅತ್ತ ಹೋಗಲಿಲ್ಲ ಎಂದು ಹೇಳಬೇಕು. ಒಂದೇ ಕಾರಣ ಹೇಳುವ ವಿವರಣೆಗಳು ಇಲ್ಲಿ ನಿಲ್ಲುವುದಿಲ್ಲ.

ಇನ್ನೂ ಒಂದು ಮಾತು. ಎಷ್ಟೋ ಓಟುಗಳು ಯಾರ ಪರವೂ ಆಗಿರುವುದಿಲ್ಲ, ಯಾರದೋ ವಿರುದ್ಧ ಆಗಿರುತ್ತವೆ. 2016ರ ಬೇಸಿಗೆಯಲ್ಲಿ, ಜನಾಭಿಪ್ರಾಯ ಸಮೀಕ್ಷೆ ಮಾಡುವ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಕೇಳಿದಾಗ ಟ್ರಂಪ್ ಬೆಂಬಲಿಗರಲ್ಲೇ ಅರ್ಧಕ್ಕಿಂತ ಹೆಚ್ಚು ಜನ, ತಮ್ಮದು ಟ್ರಂಪ್ ಪರ ಅನ್ನುವುದಕ್ಕಿಂತ ಎದುರಾಳಿ ಹಿಲರಿ ಕ್ಲಿಂಟನ್ ವಿರುದ್ಧದ ಓಟು ಎಂದಿದ್ದರು. ಅದೇ ವರ್ಷ ಪ್ಯೂ ಕೇಳಿದ ಇನ್ನೊಂದು ಪ್ರಶ್ನೆಗೆ ಒಬಾಮ, ಕ್ಲಿಂಟನ್ ಅವರ ಪಕ್ಷವಾದ ಡೆಮಾಕ್ರಟರಲ್ಲಿ ಶೇ 55, ಟ್ರಂಪ್ ಅವರ ಪಕ್ಷವಾದ ರಿಪಬ್ಲಿಕನ್ನರಲ್ಲಿ ಶೇ 49 ಜನ, ಎದುರು ಪಕ್ಷವನ್ನು ಕಂಡರೆ ಭಯವಾಗುತ್ತದೆ ಎಂದರು. ಭಯದಿಂದ ಹಾಕಿದ ಓಟನ್ನು ಆ ಕಡೆಯವರು ಪ್ರೀತಿಯಿಂದ ಹಾಕಿದ್ದು ಎಂದು ಓದುತ್ತಾರೆ. ತನ್ನ ನಾಯಕ ಮಾಡಿದ್ದನ್ನೆಲ್ಲ ಇವನು ಮೆಚ್ಚಿಯೇ ಓಟು ಹಾಕಿದ್ದಾನೆ ಅಂದುಕೊಳ್ಳುತ್ತಾರೆ. ಓಟು ಹಾಕಿದವನಿಗೇ ಆ ನಾಯಕನ ಬಗ್ಗೆ ಹತ್ತು ತಕರಾರು ಇರಬಹುದು. ಅದನ್ನು ಅವನು ನಿಮ್ಮೆದುರು ಹೇಳುವುದಿಲ್ಲ ಅಷ್ಟೇ, ಯಾಕೆಂದರೆ ಹೇಳಿದರೆ ನೀವು ಗೆದ್ದ ಹಾಗೆ ಆಗುತ್ತದೆ ಅಲ್ವಾ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಹೀಗೆ ಜನ ಎರಡು ಬಣವಾಗಿ ಒಡೆಯುವುದನ್ನು ಧ್ರುವೀಕರಣ ಅನ್ನುತ್ತಾರೆ, ಹಾಗೆಂದರೆ ಭಿನ್ನಾಭಿಪ್ರಾಯ ಜಾಸ್ತಿ ಆಗುವುದು ಎಂದು ಸುಮಾರು ಜನ ತಿಳಿದಿದ್ದಾರೆ. ಭಿನ್ನಾಭಿಪ್ರಾಯ ಕೆಟ್ಟದ್ದಲ್ಲ. 1950ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘದ ಒಂದು ಸಮಿತಿ ವರದಿ ಕೊಟ್ಟಿತು. ಅದರ ದೂರು ಏನು ಗೊತ್ತೇ? ಎರಡು ಪಕ್ಷಗಳ ನಡುವೆ ವ್ಯತ್ಯಾಸ ಸಾಲದು, ಮತದಾರರಿಗೆ ಆರಿಸಿಕೊಳ್ಳಲು ಸ್ಪಷ್ಟವಾದ ಎರಡು ದಾರಿ ಇರಬೇಕು ಅಂತ. ಅದು ತಪ್ಪು ದೂರಾಗಿರಲಿಲ್ಲ. ಎರಡೂ ಪಕ್ಷ ಒಂದೇ ಮಾತು ಆಡುತ್ತಿದ್ದರೆ ಓಟಿಗೆ ಅರ್ಥವೇ ಇರುವುದಿಲ್ಲ.

ಕಾಯಿಲೆ ಶುರುವಾಗುವುದು ಬೇರೆ ಕಡೆ. ನಿಮ್ಮ ಮಗ ಅಥವಾ ಮಗಳು ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವಾಗುತ್ತದೆಯೇ ಎಂದು 1960ರಲ್ಲಿ ಅಮೆರಿಕದಲ್ಲಿ ಕೇಳಿದ್ದರು. ಹೌದು ಎಂದವರು ಎರಡೂ ಪಕ್ಷಗಳಲ್ಲಿ ನೂರಕ್ಕೆ ನಾಲ್ಕೈದು ಜನ. 2010ರಲ್ಲಿ ಅಂಥದ್ದೇ ಪ್ರಶ್ನೆ ಕೇಳಿದಾಗ ಬೇಸರ ಎಂದವರು ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧ, ಡೆಮಾಕ್ರಟರಲ್ಲಿ ಮೂರನೇ ಒಂದು ಪಾಲು. ರಾಜ್ಯಶಾಸ್ತ್ರಜ್ಞ ಶಾಂತೋ ಅಯ್ಯಂಗಾರ್ ಮತ್ತು ಜೊತೆಗಾರರು 2012ರಲ್ಲಿ ಈ ಅಂಕಿಗಳನ್ನು ಮುಂದಿಟ್ಟು ಹೇಳಿದ್ದು ಇದು: ಜನರ ನಡುವೆ ಬೆಳೆಯುತ್ತಿರುವುದು ನೀತಿಯ ಅಂತರಕ್ಕಿಂತ ಜಾಸ್ತಿ ಒಬ್ಬರನ್ನೊಬ್ಬರು ಕಂಡರಾಗದ ಭಾವನೆ. ತೆರಿಗೆ ಎಷ್ಟಿರಬೇಕು ಅನ್ನುವ ಜಗಳ ಒಂದು ಥರ. ಅವರ ಮನೆಯ ಹುಡುಗಿ ನಮ್ಮ ಮನೆಗೆ ಬರಬಾರದು ಅನ್ನುವುದು ಇನ್ನೊಂದು ಥರ. ಈ ಎರಡನೆಯದಕ್ಕೆ ರಾಜಿ ಇಲ್ಲ, ಅರ್ಧಕ್ಕೆ ಒಪ್ಪುವ ದಾರಿ ಇಲ್ಲ.

ಈ ಕಂಡರಾಗದ ಭಾವನೆ ಹುಟ್ಟಲು ದೊಡ್ಡ ಕಾರಣವೇನೂ ಬೇಕಿಲ್ಲ. ಹೆನ್ರಿ ತಾಜ್ಫೆಲ್ ಎಂಬ ಮನಶ್ಶಾಸ್ತ್ರಜ್ಞ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರ ಮೇಲೆ ಮಾಡಿದ ಪ್ರಯೋಗಗಳನ್ನು 1970ರಲ್ಲಿ ಪ್ರಕಟಿಸಿದರು. ಹುಡುಗರನ್ನು ಎರಡು ಗುಂಪು ಮಾಡಿದರು. ಯಾವ ಆಧಾರದ ಮೇಲೆ? ಪರದೆಯ ಮೇಲಿನ ಚುಕ್ಕೆಗಳ ಸಂಖ್ಯೆಯನ್ನು ಜಾಸ್ತಿ ಅಂದಾಜು ಮಾಡಿದವರು ಒಂದು ಕಡೆ, ಕಡಿಮೆ ಅಂದಾಜು ಮಾಡಿದವರು ಒಂದು ಕಡೆ ಎಂದು ಹುಡುಗರಿಗೆ ಹೇಳಿದರು. ನಿಜಕ್ಕೂ ಗುಂಪು ಮಾಡಿದ್ದು ಸುಮ್ನೆ ಚೀಟಿ ಎತ್ತಿದ ಹಾಗೆ. ಆಮೇಲೆ ಬೇರೆ ಹುಡುಗರಿಗೆ ಹಣ ಹಂಚಲು ಹೇಳಿದರು, ತನಗೆ ತಾನೇ ಕೊಟ್ಟುಕೊಳ್ಳುವ ಹಾಗಿಲ್ಲ. ಹುಡುಗರು ತಮ್ಮ ಗುಂಪಿನವರಿಗೆ ಜಾಸ್ತಿ ಕೊಟ್ಟರು. ಅದು ಊಹಿಸಬಹುದಾದದ್ದೇ. ಮನಸ್ಸಿಗೆ ನಾಟುವ ಭಾಗ ಮುಂದಿದೆ. ಎರಡೂ ಗುಂಪಿಗೆ ಒಟ್ಟು ಜಾಸ್ತಿ ಸಿಗುವ ಹಂಚಿಕೆಯನ್ನು ಬಿಟ್ಟು, ತಮ್ಮ ಗುಂಪಿಗೆ ಕಡಿಮೆ ಸಿಕ್ಕರೂ ಪರವಾಗಿಲ್ಲ ಆಚೆಯವರಿಗಿಂತ ಜಾಸ್ತಿ ಇರಬೇಕು ಎನ್ನುವ ಹಂಚಿಕೆಯನ್ನು ಅವರಲ್ಲಿ ಸುಮಾರು ಹುಡುಗರು ಆರಿಸಿಕೊಂಡರು. ಚುಕ್ಕೆಗಳ ಮೇಲೆ ಹುಟ್ಟಿದ ಗುಂಪು ಇದು! ಅಂದ ಮೇಲೆ ಹೆಸರು, ಬಾವುಟ, ಇತಿಹಾಸ, ಸೋಲು ಗೆಲುವು ಎಲ್ಲ ಇರುವ ಪಕ್ಷಗಳಲ್ಲಿ ಏನಾಗಬಹುದು ನೋಡಿ. ನಮಗೆ ನಷ್ಟವಾದರೂ ಸರಿ, ಅವರಿಗೆ ಉರಿಯಬೇಕು ಎನ್ನುವ ಸಂತೋಷವನ್ನು ಎಲ್ಲ ಪಕ್ಷಗಳ ಬೆಂಬಲಿಗರಲ್ಲೂ ಕಾಣಬಹುದು.

ಸರಿ, ಆಚೆ ಕಡೆಯವರನ್ನು ದ್ವೇಷಿಸುತ್ತೇವೆ. ಆದರೆ ಯಾರನ್ನು ದ್ವೇಷಿಸುತ್ತಿದ್ದೇವೆ ಎಂದಾದರೂ ನಮಗೆ ಗೊತ್ತಿದೆಯೇ? ಡಗ್ಲಸ್ ಆಹ್ಲರ್ ಮತ್ತು ಗೌರವ್ ಸೂದ್ ಎಂಬ ಇಬ್ಬರು ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕನ್ನರಿಗೆ ಎದುರು ಪಕ್ಷದಲ್ಲಿ ಯಾರು ಯಾರು ಇದ್ದಾರೆ ಎಂದು ಕೇಳಿದರು. ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ಗಿಂತ ಜಾಸ್ತಿ ಸಂಪಾದಿಸುವವರು ರಿಪಬ್ಲಿಕನ್ನರಲ್ಲಿ ಎಷ್ಟಿದ್ದಾರೆ? ಡೆಮಾಕ್ರಟರ ಅಂದಾಜು ಶೇ 40ಕ್ಕಿಂತ ಹೆಚ್ಚು. ನಿಜ ಶೇ 2. ಡೆಮಾಕ್ರಟರಲ್ಲಿ ಲೈಂಗಿಕ ಅಲ್ಪಸಂಖ್ಯಾತರು ಎಷ್ಟು? ರಿಪಬ್ಲಿಕನ್ನರ ಅಂದಾಜು ಶೇ 38ರ ಹತ್ತಿರ. ನಿಜ ಶೇ 6ರ ಆಸುಪಾಸು. ಅಂದರೆ ಇವರ ತಲೆಯೊಳಗಿನ ಎದುರು ಪಕ್ಷ ಹೊರಗೆ ಎಲ್ಲೂ ಇಲ್ಲ.

ಅಭಿಪ್ರಾಯಗಳಲ್ಲೂ ಇದೇ ಕಥೆ. ಮೋರ್ ಇನ್ ಕಾಮನ್ ಎಂಬ ಸಂಸ್ಥೆ 2019ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಜನಾಂಗದ್ವೇಷ ದೇಶದಲ್ಲಿ ಇನ್ನೂ ಇದೆ ಎಂದು ರಿಪಬ್ಲಿಕನ್ನರಲ್ಲಿ ಎಷ್ಟು ಜನ ಒಪ್ಪುತ್ತಾರೆ ಎಂದು ಕೇಳಿದರೆ, ಡೆಮಾಕ್ರಟರು ಸುಮಾರು ಅರ್ಧ ಎಂದರು. ಒಪ್ಪುವವರು ನಿಜಕ್ಕೂ ನೂರಕ್ಕೆ 80ರ ಹತ್ತಿರ ಇದ್ದರು. ಪೊಲೀಸರಲ್ಲಿ ಹೆಚ್ಚಿನವರು ಕೆಟ್ಟವರು ಅನ್ನುವ ಮಾತನ್ನು ಡೆಮಾಕ್ರಟರಲ್ಲಿ ಅರ್ಧ ಜನ ಮಾತ್ರ ತಳ್ಳಿಹಾಕುತ್ತಾರೆ ಎಂದು ರಿಪಬ್ಲಿಕನ್ನರು ಅಂದುಕೊಂಡಿದ್ದರು. ತಳ್ಳಿಹಾಕುವವರು ನೂರಕ್ಕೆ 85 ಜನ. ಆ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಇನ್ನೊಂದಿದೆ. ಸುದ್ದಿಯನ್ನು ಜಾಸ್ತಿ ನೋಡುವವರ ಅಂದಾಜೇ ಜಾಸ್ತಿ ತಪ್ಪಿತ್ತು. ಆಗೊಮ್ಮೆ ಈಗೊಮ್ಮೆ ಸುದ್ದಿ ನೋಡುವವರು ಎದುರು ಕಡೆಯವರನ್ನು ಹೆಚ್ಚು ಸರಿಯಾಗಿ ಅಂದಾಜು ಮಾಡಿದರು. ರಾಜಕೀಯವನ್ನು ಹಗಲು ರಾತ್ರಿ ಹಿಂಬಾಲಿಸುವ ನಮ್ಮಂಥವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಯಾಕೆ ಹೀಗೆ? ಯಾರ ದನಿ ಕೇಳುತ್ತದೆ ಅನ್ನುವುದರಲ್ಲಿ ಉತ್ತರದ ದೊಡ್ಡ ಪಾಲು ಇದೆ. ಅಮೆರಿಕದ ಟ್ವಿಟರ್ ಬಳಕೆದಾರರ ಬಗ್ಗೆ ಪ್ಯೂ 2019ರಲ್ಲಿ ಹೇಳಿದ್ದು: ಶೇ 80ರಷ್ಟು ಟ್ವೀಟುಗಳನ್ನು ಬರೆಯುವವರು ಶೇ 10 ಜನ. ನಡುವಿನ ಸಾಮಾನ್ಯ ಬಳಕೆದಾರ ಆಗ ತಿಂಗಳಿಗೆ ಎರಡು ಸಲ ಬರೆಯುತ್ತಿದ್ದ. ಆಚೆ ಕಡೆಯವರು ಹೀಗೆ ಎಂದು ನಾವು ಅಂದುಕೊಂಡಿರುವುದು ಆ ಕಡೆಯ ಅತಿ ಗಟ್ಟಿ ದನಿಯ ಹತ್ತು ಜನರನ್ನು ನೋಡಿ. ಆ ಹತ್ತು ಜನರಲ್ಲೂ ಅತಿ ಕೆಟ್ಟದಾಗಿ ಮಾತಾಡಿದವನ ತುಣುಕು ಮಾತ್ರ ನಮ್ಮವರ ಕೈಗೆ ಸಿಕ್ಕಿ, ನೋಡಿ ಇವರು ಎಂಥವರು ಎಂದು ನಮ್ಮ ಫೋನಿಗೆ ಬರುತ್ತದೆ. ಉಳಿದ ತೊಂಬತ್ತು ಜನ ಮಾತೇ ಆಡಿರುವುದಿಲ್ಲ. ಅವರು ಓಟು ಹಾಕಿ ಮನೆಗೆ ಹೋಗಿರುತ್ತಾರೆ.

ಹಾಗಾದರೆ ಆಚೆ ಕಡೆಯವರ ಮಾತನ್ನು ಜಾಸ್ತಿ ಓದಿದರೆ ಸರಿಹೋಗುತ್ತದೆಯೇ? ಅದನ್ನೂ ಮಾಡಿ ನೋಡಿದ್ದಾರೆ. ಕ್ರಿಸ್ ಬೇಲ್ ಎಂಬ ಸಮಾಜಶಾಸ್ತ್ರಜ್ಞರ ತಂಡ, ಒಂದು ತಿಂಗಳು ಎದುರು ಕಡೆಯ ನಾಯಕರ ಮತ್ತು ಅಭಿಪ್ರಾಯ ಬರೆಯುವವರ ಸಂದೇಶಗಳನ್ನು ದಿನವೂ ನೋಡುವಂತೆ ಟ್ವಿಟರ್ ಬಳಕೆದಾರರಿಗೆ ಏರ್ಪಾಡು ಮಾಡಿತು. 2018ರಲ್ಲಿ ಫಲಿತಾಂಶ ಬಂತು. ರಿಪಬ್ಲಿಕನ್ನರು ಮೊದಲಿಗಿಂತ ಇನ್ನಷ್ಟು ಗಟ್ಟಿ ಬಲಪಂಥೀಯರಾಗಿದ್ದರು. ಡೆಮಾಕ್ರಟರು ಸ್ವಲ್ಪ ಎಡಕ್ಕೆ ಸರಿದಂತೆ ಕಂಡರೂ ಅದು ಗಣನೆಗೆ ಬರುವಷ್ಟು ಇರಲಿಲ್ಲ. ಒಟ್ಟಿನಲ್ಲಿ ಯಾರೂ ಹತ್ತಿರ ಬರಲಿಲ್ಲ. ನನಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ. ಅವರಿಗೆ ತೋರಿಸಿದ್ದು ಎದುರು ಕಡೆಯ ಮುಂದಾಳುಗಳ ಭಾಷಣ. ಎದುರು ಕಡೆಯ ಮತದಾರ ಅಲ್ಲಿ ಇರಲೇ ಇಲ್ಲ.

ಈಗ ಈ ವಿಷಯದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಕಥೆಗೆ ಬರುತ್ತೇನೆ. ಇದಕ್ಕೆ ಸ್ವಲ್ಪ ಹೊತ್ತು ಕೊಡಿ.

2008ರ ನವೆಂಬರ್. ಕ್ಯಾಲಿಫೋರ್ನಿಯದ ಮತದಾರರು ಒಬಾಮರಿಗೆ ಶೇ 61ರಷ್ಟು ಓಟು ಕೊಟ್ಟರು. ಅದೇ ದಿನ, ಅದೇ ಮತಪತ್ರದಲ್ಲಿ, ಸಲಿಂಗ ವಿವಾಹವನ್ನು ನಿಲ್ಲಿಸುವ ಪ್ರೊಪೊಸಿಷನ್ 8 ಎಂಬ ಪ್ರಸ್ತಾವವನ್ನೂ ಶೇ 52ರಷ್ಟು ಜನ ಗೆಲ್ಲಿಸಿದರು. ಎರಡಕ್ಕೂ ಹೂಂ ಎಂದವರು ಎಷ್ಟೋ ಜನ ಇದ್ದಿರಲೇಬೇಕು, ಲೆಕ್ಕ ಬೇರೆ ಥರ ಕೂಡುವುದೇ ಇಲ್ಲ. ಅಲ್ಲಿನ ಸಲಿಂಗಿಗಳಿಗೆ ಇದು ದೊಡ್ಡ ಪೆಟ್ಟು. ನಿನ್ನೆಯವರೆಗೆ ಇದ್ದ ಹಕ್ಕು ಇವತ್ತು ಇಲ್ಲ. ಕಸಿದುಕೊಂಡವರು ಬೇರೆ ಯಾರೋ ಅಲ್ಲ, ಅಕ್ಕಪಕ್ಕದ ಜನ.

ಲಾಸ್ ಏಂಜಲೀಸ್‌ನ ಒಂದು ತಂಡ ಆಗ ಮಾಡಿದ ಕೆಲಸ ನೋಡಿ. ಡೇವಿಡ್ ಫ್ಲೀಷರ್ ಅದರ ಮುಂದಾಳು. ತಮ್ಮ ವಿರುದ್ಧ ಓಟು ಬಿದ್ದ ಬಡಾವಣೆಗಳಿಗೇ ಹೋಗಿ, ಬಾಗಿಲು ತಟ್ಟಿ, ನೀವು ಯಾಕೆ ಹಾಗೆ ಓಟು ಹಾಕಿದಿರಿ ಎಂದು ಕೇಳಿದರು. ಪಟ್ಟು ಹಿಡಿದು ವರ್ಷಗಟ್ಟಲೆ, ಸಾವಿರಾರು ಮಾತುಕತೆ ನಡೆಸಿದರು. ಮಾತುಕತೆಗಳನ್ನು ಚಿತ್ರೀಕರಿಸಿಕೊಂಡು, ಎಲ್ಲಿ ಮಾತು ಮುರಿಯಿತು, ಎಲ್ಲಿ ಎದುರಿನವರ ಮನಸ್ಸು ತೆರೆಯಿತು ಎಂದು ಕೂತು ನೋಡಿದರು. ಸಮಾನತೆ, ಹಕ್ಕು, ಸಂವಿಧಾನ ಎಂದು ವಾದ ಮಾಡಿದಾಗ ಹೆಚ್ಚೇನೂ ಆಗುತ್ತಿರಲಿಲ್ಲ. ಕೇಳುವವರು ತಲೆಯಾಡಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಎದುರಿನವರ ಬದುಕಿನ ಬಗ್ಗೆ ಕೇಳಿದಾಗ, ನಿಮಗೆ ಗೊತ್ತಿರುವವರಲ್ಲಿ ಇಂಥವರು ಯಾರಾದರೂ ಇದ್ದಾರಾ, ನಿಮ್ಮನ್ನು ಯಾರಾದರೂ ಬೇರೆ ಥರ ನೋಡಿದ್ದುಂಟಾ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿದ್ದಾಗ, ಮಾತು ಬೇರೆ ದಾರಿ ಹಿಡಿಯುತ್ತಿತ್ತು. ಬಂದವರೂ ತಮ್ಮ ಕಥೆ ಹೇಳುತ್ತಿದ್ದರು. ತಪ್ಪು ಹುಡುಕುವುದಿಲ್ಲ, ಮುಖ ಕಿವುಚುವುದಿಲ್ಲ. ಕಷ್ಟದ ಕೆಲಸ ಅದು.

ಇದು ನಿಜವಾಗಿ ಕೆಲಸ ಮಾಡುತ್ತದೆಯೇ? 2014ರ ಡಿಸೆಂಬರ್‌ನಲ್ಲಿ ಪ್ರಸಿದ್ಧ ವಿಜ್ಞಾನ ಪತ್ರಿಕೆ ಸೈನ್ಸ್‌ನಲ್ಲಿ ಒಂದು ಪ್ರಬಂಧ ಬಂತು: ಹೌದು, ಕೆಲಸ ಮಾಡುತ್ತದೆ, ಪರಿಣಾಮ ಬಹಳ ಕಾಲ ಉಳಿಯುತ್ತದೆ ಅಂತ. ಜಗತ್ತಿನ ತುಂಬ ಸುದ್ದಿಯಾಯಿತು. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವ ಕಲ್ಲಾ ಎಂಬ ಇಬ್ಬರು ಯುವ ಸಂಶೋಧಕರು ಅದೇ ಥರದ ಅಧ್ಯಯನ ತಾವೂ ಮಾಡಲು ಹೊರಟಾಗ ಅಂಕಿಗಳಲ್ಲಿ ಏನೋ ಸರಿ ಇಲ್ಲ ಎಂದು ಗೊತ್ತಾಯಿತು. ದತ್ತಾಂಶವನ್ನೇ ನಂಬುವ ಹಾಗಿರಲಿಲ್ಲ. 2015ರ ಮೇ ತಿಂಗಳಲ್ಲಿ ಪತ್ರಿಕೆ ಪ್ರಬಂಧವನ್ನು ಹಿಂದಕ್ಕೆ ಪಡೆಯಿತು. ಇಲ್ಲಿಗೆ ಕಥೆ ಮುಗಿಯಬಹುದಿತ್ತು, ಎಲ್ಲ ಬೊಗಳೆ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಆ ಇಬ್ಬರು ತಮ್ಮ ಅಧ್ಯಯನವನ್ನು ಮಯಾಮಿಯಲ್ಲಿ ನಿಜವಾಗಿಯೇ ಮಾಡಿ ಮುಗಿಸಿದರು. 56 ಕಾರ್ಯಕರ್ತರು, 501 ಮತದಾರರು, ಬಾಗಿಲಲ್ಲಿ ನಿಂತು ಸುಮಾರು ಹತ್ತು ನಿಮಿಷದ ಮಾತು. ವಿಷಯ ಟ್ರಾನ್ಸ್‌ಜೆಂಡರ್ ಜನರ ಬಗೆಗಿನ ಪೂರ್ವಗ್ರಹ. 2016ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ: ಪೂರ್ವಗ್ರಹ ಕಡಿಮೆಯಾಯಿತು, ಕನಿಷ್ಠ ಮೂರು ತಿಂಗಳು ಹಾಗೇ ಉಳಿಯಿತು. ಬಂದ ಕಾರ್ಯಕರ್ತರು ಸ್ವತಃ ಟ್ರಾನ್ಸ್‌ಜೆಂಡರ್ ಆಗಿರಲಿ ಇಲ್ಲದಿರಲಿ, ವ್ಯತ್ಯಾಸ ಆಗಲಿಲ್ಲ. ಎಲ್ಲರೂ ಬದಲಾದರು ಎಂದು ತಿಳಿಯಬೇಡಿ, ಬದಲಾದವರು ಒಂದು ಪಾಲು ಮಾತ್ರ. ಆಮೇಲೆ 2020ರಲ್ಲಿ ಇದೇ ಇಬ್ಬರು ಇನ್ನೂ ಮೂರು ಪ್ರಯೋಗ ಪ್ರಕಟಿಸಿದರು. ಅದರಲ್ಲಿ ತಿಳಿದದ್ದು, ಅದೇ ವಾದಗಳನ್ನು ಇಟ್ಟುಕೊಂಡು, ತೀರ್ಪು ಕೊಡದೆ ಕಥೆ ಕೇಳುವ ಹೇಳುವ ಭಾಗವನ್ನು ಮಾತ್ರ ತೆಗೆದರೆ ಪರಿಣಾಮ ಕಾಣುವುದಿಲ್ಲ.

ನಾನು ಈ ಕಥೆ ಹೇಳಿದ್ದು ಮನಸ್ಸು ಬದಲಿಸುವ ತಂತ್ರ ಕಲಿಸಲು ಅಲ್ಲ. ಕ್ಯಾಲಿಫೋರ್ನಿಯದ ಆ ಜನ ಓಟಿನಲ್ಲಿ ಇಲ್ಲದ ಮಾಹಿತಿಯನ್ನು ಅದು ಇರುವ ಜಾಗದಿಂದ, ಅಂದರೆ ಓಟು ಹಾಕಿದವರಿಂದಲೇ ಪಡೆದರು. ವಿಶ್ಲೇಷಕರ ಲೇಖನ ಓದಿ ಅಲ್ಲ, ತಮ್ಮೊಳಗೇ ಸಭೆ ಸೇರಿ ಅಲ್ಲ.

ಐರ್ಲೆಂಡಿನಲ್ಲಿ ಇದನ್ನು ಸರ್ಕಾರವೇ ಏರ್ಪಾಡು ಮಾಡಿತು. ಗರ್ಭಪಾತವನ್ನು ಹೆಚ್ಚುಕಡಿಮೆ ಪೂರಾ ತಡೆಯುವ ತಿದ್ದುಪಡಿ 1983ರಲ್ಲಿ ಶೇ 66.9 ಮತಗಳಿಂದ ಸಂವಿಧಾನಕ್ಕೆ ಸೇರಿತ್ತು. ಮುಟ್ಟಿದರೆ ಸುಡುವ ವಿಷಯ ಅದು, ದೊಡ್ಡ ಪಕ್ಷಗಳು ಮುಟ್ಟಲು ಹಿಂಜರಿಯುತ್ತಿದ್ದವು. 2016ರಲ್ಲಿ ನಾಗರಿಕರ ಸಭೆಯೊಂದನ್ನು ಕರೆದರು. ದೇಶದ ಜನಸಂಖ್ಯೆಯನ್ನು ಹೋಲುವಂತೆ ಆರಿಸಿದ 99 ಸಾಮಾನ್ಯ ಜನ, ಅಧ್ಯಕ್ಷತೆಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಮೇರಿ ಲಾಫಾಯ್. ಗರ್ಭಪಾತದ ವಿಷಯಕ್ಕಾಗಿಯೇ ಐದು ವಾರಾಂತ್ಯ ಸೇರಿದರು. ವೈದ್ಯರು, ವಕೀಲರು, ಎರಡೂ ಕಡೆಯ ಸಂಘಟನೆಗಳು, ಆ ಸಂಕಟವನ್ನು ಅನುಭವಿಸಿದ ಹೆಂಗಸರು ಹೇಳಿದ್ದನ್ನು ಕೇಳಿದರು. ಆಮೇಲೆ ಸಣ್ಣ ಸಣ್ಣ ಮೇಜುಗಳ ಸುತ್ತ ಕೂತು ತಮ್ಮತಮ್ಮಲ್ಲೇ ಮಾತಾಡಿದರು. ಕೊನೆಗೆ ಅವರಲ್ಲಿ ಶೇ 64 ಜನ, ಕಾರಣ ಕೇಳದೆಯೇ ಗರ್ಭಪಾತಕ್ಕೆ ಅವಕಾಶ ಇರಬೇಕು ಎಂದು ಮತ ಹಾಕಿದರು. ದೇಶದ ಮನಸ್ಸು ಇಷ್ಟು ದೂರ ಬಂದಿಲ್ಲ ಎಂದು ರಾಜಕಾರಣಿಗಳು ತಳಮಳಗೊಂಡರು. 2018ರ ಮೇ 25ರ ಜನಮತಗಣನೆಯಲ್ಲಿ ಶೇ 66.4 ಜನ ತಿದ್ದುಪಡಿಯನ್ನು ತೆಗೆಯಿರಿ ಎಂದರು. ಬೇಡ ಎಂದ ಏಳು ಲಕ್ಷಕ್ಕೂ ಹೆಚ್ಚು ಜನ ಇದ್ದೇ ಇದ್ದರು, ಅವರು ಈಗಲೂ ಅದೇ ದೇಶದಲ್ಲಿ ಬದುಕುತ್ತಿದ್ದಾರೆ. ಸಭೆ ಭಿನ್ನಾಭಿಪ್ರಾಯವನ್ನು ಅಳಿಸಲಿಲ್ಲ. ಆಚೆ ಕಡೆಯವರು ಹೀಗೇ ಇರುತ್ತಾರೆ ಎಂಬ ಊಹೆಯ ಮೇಲೆ ನಿಂತಿದ್ದ ರಾಜಕೀಯದ ಬದಲು ನಿಜವಾದ ಜನರನ್ನು ಎದುರುಬದುರು ಕೂರಿಸಿತು.

ಈಗ ತಕರಾರುಗಳಿಗೆ ಬರೋಣ. ಈ ಮಾತು ಎತ್ತಿದಾಗಲೆಲ್ಲ ಕೇಳುವ ಮೊದಲ ತಕರಾರು: ಅವರು ನಮ್ಮನ್ನು ಅರ್ಥ ಮಾಡಿಕೊಳ್ಳಲು ಬರುತ್ತಿಲ್ಲ, ನಾವೇ ಯಾಕೆ ಹೋಗಬೇಕು? ಅರ್ಥ ಮಾಡಿಕೊಳ್ಳುವುದು ನಾವು ಅವರಿಗೆ ಮಾಡುವ ಉಪಕಾರ ಅಲ್ಲ. ಆಚೆ ಕಡೆಯಲ್ಲಿ ಶೇ 2 ಇರುವವರನ್ನು ಶೇ 40 ಎಂದು ನಂಬಿಕೊಂಡು ಯಾರು ತಾನೇ ಒಳ್ಳೆಯ ರಾಜಕೀಯ ಮಾಡಬಲ್ಲರು? ಅವರನ್ನು ಸೋಲಿಸಬೇಕಾದರೂ ಅವರು ಯಾರು ಎಂದು ಗೊತ್ತಿರಬೇಕು.

ಎರಡನೆಯದು ಗಟ್ಟಿ ತಕರಾರು. ಅವರ ಓಟಿನಿಂದ ನನ್ನ ಹಕ್ಕು ಹೋಗುತ್ತದೆ, ನನ್ನ ಮನೆಯವರ ಜೀವಕ್ಕೆ ಅಪಾಯ ಬರುತ್ತದೆ, ಅಂಥವರ ಮನಸ್ಸನ್ನು ನಾನು ಕೂತು ಕೇಳಬೇಕೇ? ಬೇಡ. ನನ್ನ ಮಟ್ಟಿಗೆ ಇದು ಸ್ಪಷ್ಟ. ಪೆಟ್ಟು ತಿಂದವರ ಮೇಲೆ ಈ ಕೆಲಸ ಹೊರಿಸುವುದು ಅನ್ಯಾಯ. ಫ್ಲೀಷರ್ ತಂಡದವರು ತಾವಾಗಿಯೇ ಹೋದರು, ಅದು ಅವರ ದೊಡ್ಡತನ, ಎಲ್ಲರಿಂದ ಕೇಳಿ ಪಡೆಯುವಂಥದ್ದಲ್ಲ. ಮೊದಲು ಹೋಗಬೇಕಾದವರು ಕಳೆದುಕೊಳ್ಳಲು ಕಡಿಮೆ ಇರುವವರು. ಮಯಾಮಿಯಲ್ಲಿ ಯಾರು ಹೋದರೂ ಪರಿಣಾಮ ಒಂದೇ ಆಗಿತ್ತಲ್ಲ, ಅದು ಇಲ್ಲಿ ನೆನಪಿರಲಿ.

ಇನ್ನು ಕೇಳಿದ ಮೇಲೆ ಸಿಗುವ ಉತ್ತರ ಯಾವಾಗಲೂ ಒಳ್ಳೆಯದೇ ಇರುತ್ತದೆ ಎಂದೇನೂ ಇಲ್ಲ. ಕೆಲವರ ಓಟಿನ ಹಿಂದೆ ನಿಜವಾಗಿಯೂ ದ್ವೇಷವೇ ಇರುತ್ತದೆ. ಆಗ ಅದನ್ನು ದ್ವೇಷ ಎಂದೇ ಕರೆಯಬೇಕು. ನಾಯಕರ ವಿಷಯದಲ್ಲಂತೂ ನನಗೆ ಯಾವ ಮೃದುತನವೂ ಇಲ್ಲ. ಸುಳ್ಳು ಹೇಳಿ ಜನರನ್ನು ಒಡೆಯುವ ನಾಯಕನನ್ನು ಅವನ ಮಾತು ಮತ್ತು ಕೆಲಸದ ಮೇಲೆ ಕಠಿಣವಾಗಿಯೇ ತೂಗಬೇಕು. ಮತದಾರನಿಗೆ ಅದೇ ತಕ್ಕಡಿ ಹಿಡಿಯಬಾರದು. ಅವನು ಮಾಡಿದ್ದು ಒಂದು ಗುರುತು ಹಾಕಿದ್ದು.

ನಾಯಕರೇ ಮತದಾರರನ್ನು ಒಟ್ಟಾಗಿ ಬೈದಾಗ ಏನಾಗುತ್ತದೆ ಎಂದು ಎರಡು ಸಲ ಕಂಡಿದ್ದೇವೆ. 2012ರಲ್ಲಿ ಒಬಾಮರ ಎದುರಾಳಿಯಾಗಿದ್ದ ಮಿಟ್ ರಾಮ್ನಿ, ಶೇ 47 ಜನ ಸರ್ಕಾರವನ್ನು ನೆಚ್ಚಿಕೊಂಡವರು, ಏನೇ ಆದರೂ ಒಬಾಮರಿಗೇ ಓಟು ಹಾಕುತ್ತಾರೆ ಎಂದ ಖಾಸಗಿ ಸಭೆಯ ಮಾತು ಹೊರಗೆ ಬಂತು. 2016ರ ಸೆಪ್ಟೆಂಬರ್ 9ರಂದು ಹಿಲರಿ ಕ್ಲಿಂಟನ್, ಟ್ರಂಪ್ ಬೆಂಬಲಿಗರಲ್ಲಿ ಅರ್ಧ ಜನ ತೀರಾ ಹೀನರು ಎಂಬ ಅರ್ಥದ ಮಾತು ಆಡಿದರು. ಅದೇ ಭಾಷಣದಲ್ಲಿ ಅವರು ಮುಂದೆ ಏನು ಹೇಳಿದ್ದರು ಎಂದು ಹೆಚ್ಚು ಜನಕ್ಕೆ ನೆನಪಿಲ್ಲ. ಉಳಿದ ಅರ್ಧ ಜನ ಸರ್ಕಾರ ಮತ್ತು ಆರ್ಥಿಕತೆ ತಮ್ಮ ಕೈಬಿಟ್ಟಿವೆ ಎಂದು ನೊಂದವರು, ಅವರನ್ನು ನಾವು ಅರ್ಥ ಮಾಡಿಕೊಳ್ಳಬೇಕು ಎಂದಿದ್ದರು. ಆ ಎರಡನೇ ಮಾತನ್ನು ಮೊದಲನೆಯದು ನುಂಗಿಹಾಕಿತು. ಮಾರನೇ ದಿನ ಅವರು ಅರ್ಧ ಎಂದದ್ದಕ್ಕೆ ವಿಷಾದ ಹೇಳಿದರೂ ಟ್ರಂಪ್ ಬೆಂಬಲಿಗರು ಆ ಬೈಗುಳವನ್ನೇ ಅಂಗಿಯ ಮೇಲೆ ಬರೆಸಿಕೊಂಡು ಓಡಾಡಿದರು. ಮೊದಲು ಬೈದು ಆಮೇಲೆ ಅರ್ಥ ಮಾಡಿಕೊಳ್ಳುತ್ತೇನೆ ಎಂದರೆ ಯಾರೂ ಬಾಗಿಲು ತೆಗೆಯುವುದಿಲ್ಲ.

ನೀವು ಯಾರೊಂದಿಗಾದರೂ ಮಾತಾಡಬೇಕೆಂದಿದ್ದರೆ ನನ್ನ ಕೆಲವು ಮಾತು. ಆ ಪಕ್ಷಕ್ಕೆ ಯಾಕೆ ಓಟು ಹಾಕಿದಿರಿ ಎಂದು ಶುರು ಮಾಡಿದರೆ ಎದುರಿನವರು ವಕೀಲರಾಗುತ್ತಾರೆ. ನಿಮಗೆ ಯಾವಾಗಿನಿಂದ ಹಾಗೆ ಅನ್ನಿಸತೊಡಗಿತು, ಆಗ ಏನು ನಡೆದಿತ್ತು ಎಂದು ಕೇಳಿದರೆ ಅವರು ತಮ್ಮ ಬದುಕಿನ ಬಗ್ಗೆ ಹೇಳುತ್ತಾರೆ. ಅವರ ಪಕ್ಷದಲ್ಲಿ ಅವರಿಗೆ ಹಿಡಿಸದ್ದು ಏನು ಎಂದು ಕೇಳುವ ಮೊದಲು ನಿಮ್ಮ ಪಕ್ಷದಲ್ಲಿ ನಿಮಗೆ ಹಿಡಿಸದ್ದನ್ನು ನೀವು ಹೇಳಿ. ಗಣಿತಜ್ಞ ಅನಾತೊಲ್ ರಾಪೊಪೋರ್ಟ್ ಅವರು ಹೇಳಿಕೊಟ್ಟ ಒಂದು ನಿಯಮ ನನಗೆ ಬಹಳ ಇಷ್ಟ. ಎದುರಿನವರ ನಿಲುವನ್ನು ಮೊದಲು ನೀವು ಹೇಳಬೇಕು, ಹೌದು ನಾನು ಹೇಳುತ್ತಿರುವುದು ಅದೇ ಎಂದು ಅವರು ಒಪ್ಪುವ ಹಾಗೆ. ಅವರು ಒಪ್ಪುವ ತನಕ ನಿಮ್ಮ ವಾದ ಶುರು ಮಾಡುವ ಹಾಗಿಲ್ಲ. ಮಾಡಿ ನೋಡಿ. ಮೊದಲ ಎರಡು ಮೂರು ಸಲ ಅವರು ಅಲ್ಲ, ಹಾಗಲ್ಲ ಎನ್ನುತ್ತಾರೆ. ಆ "ಹಾಗಲ್ಲ" ಅನ್ನುವಲ್ಲೇ ನಿಮಗೆ ಗೊತ್ತಿಲ್ಲದ್ದು ಹೊರಗೆ ಬರುತ್ತದೆ.

ಗುಂಪಿನೆದುರು ಮಾತ್ರ ಬೇಡ. ನಾಲ್ಕು ಜನ ನೋಡುತ್ತಿದ್ದರೆ ಇಬ್ಬರೂ ತಮ್ಮವರಿಗಾಗಿ ಮಾತಾಡುತ್ತಾರೆ. ಚುನಾವಣೆ ಹತ್ತಿರ ಇರುವಾಗಲೂ ಬೇಡ. ಕಲ್ಲಾ ಮತ್ತು ಬ್ರೂಕ್‌ಮನ್ ಅವರೇ 2018ರಲ್ಲಿ 49 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಅಮೆರಿಕದ ಸಾರ್ವತ್ರಿಕ ಚುನಾವಣೆಗಳಲ್ಲಿ ಪ್ರಚಾರಕರ ಭೇಟಿ, ಕರಪತ್ರ, ಜಾಹೀರಾತುಗಳಿಂದ ಯಾರಿಗೆ ಓಟು ಎಂಬ ಆಯ್ಕೆ ಬದಲಾಗುವುದು ಸರಾಸರಿ ಸೊನ್ನೆ ಎಂದು ಕಂಡಿತು. ಆ ಹೊತ್ತಿಗೆ ಜನ ತಮ್ಮ ಗುಂಪಿಗೆ ಹೋಗಿ ಸೇರಿಕೊಂಡಾಗಿರುತ್ತದೆ. ಮಾತಾಡಲು ಒಳ್ಳೆಯ ಹೊತ್ತು ಯಾವ ಚುನಾವಣೆಯೂ ಹತ್ತಿರ ಇಲ್ಲದ ತಿಂಗಳುಗಳು, ಫಲಿತಾಂಶದ ಕಾವು ಇಳಿದ ಮೇಲೆ, ಇನ್ನೊಂದರ ಬಿಸಿ ಏರುವ ಮೊದಲು.

ನನ್ನ ಮಾತು ಇಷ್ಟು. ಇನ್ನು ನೀವು ಕೇಳಿ, ತಕರಾರು ಇದ್ದವರು ಮೊದಲು.